ಆವರೇಜ್ ಎಷ್ಟು ಬಂತು?

2004ರ ಸುಮಾರಿಗೆ, ಬಿ.ಎಸ್ಸಿ. ಮುಗಿಸಿ ಅಲ್ಲಿ ಇಲ್ಲಿ ಅರ್ಜಿ ಹಾಕುತ್ತ ಮನೆಯಲ್ಲಿದ್ದ ನನ್ನನ್ನು ಕಾಕಾ ತಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕರೆದುಕೊಂಡರು. ಆಫೀಸು ಅಂದರೆ ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಮಳಿಗೆ, ಒಂದು ಮೇಜು, ಒಂದು ಫೋನು. ಹೊರಗೆ ಎರಡು ಲಾರಿ. ಎರಡೂ ಆರು ಚಕ್ರದ ಟಾಟಾ 1613. ಬುಕಿಂಗು, ಬಾಡಿಗೆ ವಸೂಲಿ ಎಲ್ಲ ಕಾಕಾ ಅವರದು. ನನ್ನ ಪಾಲಿಗೆ ಬಂದದ್ದು ಡೀಸೆಲ್ ರಿಜಿಸ್ಟರು.

ಅದರ ಲೆಕ್ಕ ಸರಳ. ಗಾಡಿ ಹೊರಡುವಾಗ ಟ್ಯಾಂಕ್ ಫುಲ್. ತಿರುಗಿ ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಫುಲ್. ದಾರಿಯಲ್ಲಿ ಹಾಕಿಸಿದ ಡೀಸೆಲ್ಲಿನ ಚೀಟಿಗಳನ್ನೂ ಇದಕ್ಕೆ ಕೂಡಿಸಿ, ಓಡಿದ ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ಬರುವುದೇ ಆವರೇಜ್. ಮೀಟರು ಕೆಟ್ಟ ಗಾಡಿಯಾದರೆ ದಾರಿಯ ದೂರವನ್ನೇ ಹಿಡಿಯುತ್ತಿದ್ದೆವು. ಆ ದಾರಿಗಳ ದೂರ ಎಲ್ಲರಿಗೂ ಬಾಯಿಪಾಠ. ಡ್ರೈವರು ಕ್ಯಾಬಿನ್ನಿನಿಂದ ಇಳಿದು ಮುಖ ತೊಳೆಯುವುದರೊಳಗೆ ಕಾಕಾ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. “ಆವರೇಜ್ ಎಷ್ಟು ಬಂತು?”

ಅವರು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಬಂದ ಬಾಡಿಗೆಯಲ್ಲಿ ಅರ್ಧದ ಆಸುಪಾಸು ಡೀಸೆಲ್ಲಿಗೇ ಹೋಗುತ್ತಿತ್ತು. ಉಳಿದ ಅರ್ಧದಲ್ಲಿ ಟಯರು, ಫೈನಾನ್ಸಿನ ಕಂತು, ತೆರಿಗೆ, ಇನ್ಶೂರೆನ್ಸು, ಡ್ರೈವರ್ ಕ್ಲೀನರ್ ಸಂಬಳ, ಬತ್ತಾ, ದಾರಿ ಖರ್ಚು. ಇಷ್ಟೆಲ್ಲ ಕಳೆದು ಕೈಗೆ ಉಳಿಯುವುದು ಎಷ್ಟು ತೆಳುವಾದ ದುಡ್ಡು ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆವರೇಜ್ ನಾಲ್ಕರಿಂದ ಮೂರೂವರೆಗೆ ಇಳಿದರೆ ಆ ಟ್ರಿಪ್ಪಿನ ಲಾಭ ಹೆಚ್ಚುಕಡಿಮೆ ಅಲ್ಲಿಗೇ ಮುಗಿದಂತೆ.

ನಮ್ಮಲ್ಲಿ ಇಬ್ಬರು ಡ್ರೈವರುಗಳು. ಒಬ್ಬರು ಸವಣೂರಿನ ಕಡೆಯವರು, ಐವತ್ತು ದಾಟಿದವರು, ಎಲ್ಲರಿಗೂ ಚಾಚಾ. ಇನ್ನೊಬ್ಬ ಹಾವೇರಿ ಕಡೆಯ ಹುಡುಗ, ಲೈಸೆನ್ಸ್ ಆಗಿ ಹೆಚ್ಚು ಕಾಲವಾಗಿರಲಿಲ್ಲ. ರಿಜಿಸ್ಟರಿನಲ್ಲಿ ಚಾಚಾನ ಹೆಸರಿನ ಮುಂದೆ 4.1, 4.2, 4.0 ಎಂದು ಸಾಲಾಗಿ ಇರುತ್ತಿತ್ತು. ಹುಡುಗನ ಮುಂದೆ 3.5, 3.4. ಗಾಡಿಗಳು ಒಂದೇ ಮಾದರಿ, ಒಂದೇ ವರ್ಷದವು, ಓಡುವುದೂ ಬೆಂಗಳೂರಿನ ಒಂದೇ ರಸ್ತೆಯಲ್ಲಿ. ಕಾಕಾಗೆ ಅನುಮಾನ ಬಂತು. ಹೆದ್ದಾರಿ ಬದಿಯಲ್ಲಿ ಕ್ಯಾನು, ಪೈಪು ಇಟ್ಟುಕೊಂಡು ಲಾರಿಯವರಿಂದ ಡೀಸೆಲ್ ಕೊಳ್ಳುವವರು ಆಗ ಬಹಳ ಕಡೆ ಇದ್ದರು, ಮಾಲೀಕರಿಗೆಲ್ಲ ಅದೊಂದೇ ಭಯ. ಹುಡುಗನ ಬತ್ತಾದಲ್ಲಿ ಕಡಿತ ಶುರುವಾಯಿತು. ಅವನು ಎದುರು ಮಾತಾಡಲಿಲ್ಲ. ಗಾಡಿ ತೊಳೆಯುವಾಗ ಮಾತ್ರ ಕ್ಲೀನರನ ಜೊತೆ ಮೊದಲಿನಂತೆ ನಗುತ್ತಿರಲಿಲ್ಲ.

ಕಾಕಾ ನನಗೆ ಹೇಳಿದರು: “ನೀ ಒಂದ್ ಸರ್ತಿ ಗಾಡ್ಯಾಗ ಹೋಗಿ ಬಾ. ಡೀಜಲ್ ಎಲ್ಲಿ ಹೋಗ್ತೈತಿ ನೋಡ್ಕೊಂಡ್ ಬಾ.” ಹೀಗೆ ನಾನು ಮೊದಲು ಚಾಚಾನ ಗಾಡಿ ಹತ್ತಿದೆ. ಮುಂದೆ ಹಲವು ಸಲ ಹೋದೆ, ಹುಡುಗನ ಜೊತೆಗೂ ಹೋದೆ. ಆದರೆ ಡೀಸೆಲ್ ಬಗ್ಗೆ ನನಗೆ ಗೊತ್ತಾದದ್ದರಲ್ಲಿ ಬಹುಪಾಲು ಚಾಚಾನ ಪಕ್ಕದ ಸೀಟಿನಲ್ಲೇ ಗೊತ್ತಾದದ್ದು.

ಅವರ ಗಾಡಿಯ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿ ಎಷ್ಟು ಕಾಲವಾಗಿತ್ತೋ. ಕೇಬಲ್ ಹಾಕಿಸಬೇಕೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ. ನಾನು ಸ್ಪೀಡ್ ಎಷ್ಟು ಅಂತ ಕೇಳಿದಾಗ ನನ್ನ ಕೈಗಡಿಯಾರದ ಕಡೆ ಕಣ್ಣು ಹಾಯಿಸಿ, “ಕಲ್ಲು ನೋಡು, ಮುಳ್ಳು ನೋಡು” ಅಂದರು. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಅರವತ್ತು ಸೆಕೆಂಡು ಹಿಡಿದರೆ ವೇಗ ಗಂಟೆಗೆ ಅರವತ್ತು. ನಲವತ್ತೈದೇ ಸೆಕೆಂಡು ಹಿಡಿದರೆ ಎಂಬತ್ತು. ನಾನು ಎಚ್‌ಎಂಟಿ ಗಡಿಯಾರ ಕಣ್ಣ ಮುಂದೆ ಹಿಡಿದು ಕಲ್ಲು ಎಣಿಸುತ್ತ ಹೋದೆ. ಸಮತಟ್ಟಾದ ಕಡೆಯಲ್ಲೆಲ್ಲ ಅರವತ್ತೊಂದು, ಐವತ್ತೊಂಬತ್ತು, ಅರವತ್ತು, ಅರವತ್ತೆರಡು. ಮುಳ್ಳಿಲ್ಲದ ಗಾಡಿಯಲ್ಲಿ ಆ ಮನುಷ್ಯ ಇಂಜಿನ್ನಿನ ದನಿ ಕೇಳಿಕೊಂಡೇ ಅಷ್ಟು ಬಿಗಿಯಾಗಿ ಓಡಿಸುತ್ತಿದ್ದರು. ದನಿ ಸ್ವಲ್ಪ ಏರಿದರೆ ಕಾಲು ತಾನಾಗಿಯೇ ಸಡಿಲವಾಗುತ್ತಿತ್ತು.

ಆ ಕಾಲನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿಸುತ್ತಿದ್ದರು. ಹಿಮ್ಮಡಿ ನೆಲಕ್ಕೆ ಊರಿ, ಹೆಬ್ಬೆರಳಿನ ಬುಡ ಮಾತ್ರ ಎಕ್ಸಲೇಟರಿನ ಮೇಲೆ. ಏರು ಬರುವ ಮೊದಲೇ, ಇನ್ನೂ ಸಮತಟ್ಟಿನಲ್ಲಿರುವಾಗಲೇ ಒಂದಿಷ್ಟು ಒತ್ತುವರು. ಏರಿನ ನೆತ್ತಿ ಮುಟ್ಟುವ ಮೊದಲೇ, ಇನ್ನೂ ನೂರು ಮಾರು ಇದೆ ಅನ್ನುವಾಗಲೇ, ಕಾಲು ತೆಗೆಯುವರು. ಗಾಡಿ ತನ್ನ ಓಘದಲ್ಲೇ ನೆತ್ತಿ ದಾಟಿ ಇಳಿಜಾರಿಗೆ ಬೀಳುತ್ತಿತ್ತು. ದೂರದಲ್ಲಿ ಎತ್ತಿನ ಗಾಡಿಯೋ ಟ್ರ್ಯಾಕ್ಟರೋ ಕಂಡರೆ ಅಲ್ಲಿಂದಲೇ ನಿಧಾನ. ಹತ್ತಿರ ಹೋಗಿ ಬ್ರೇಕ್ ಒತ್ತಿದ್ದನ್ನು ನಾನು ನೋಡಿದ್ದು ಕಡಿಮೆ. ಬ್ರೇಕ್ ಒತ್ತಿದರೆ ಸುಟ್ಟ ಡೀಸೆಲ್ಲೆಲ್ಲ ಡ್ರಮ್ಮಿನ ಬಿಸಿಯಾಗಿ ಹೋಗುತ್ತದೆ, ಮತ್ತೆ ಅದೇ ವೇಗಕ್ಕೆ ಬರಲು ಮತ್ತೆ ಸುಡಬೇಕು. ವಿಜ್ಞಾನ ಓದಿದ ನನಗೆ ಇದು ಪುಸ್ತಕದಲ್ಲಿ ಗೊತ್ತಿತ್ತು, ಅವರಿಗೆ ಕಾಲಿನಲ್ಲಿ ಗೊತ್ತಿತ್ತು.

ಹೊರಡುವ ಮೊದಲು ಅವರು ಮಾಡುತ್ತಿದ್ದ ಎರಡು ಕೆಲಸ ನನಗೆ ಮೊದಮೊದಲು ಸಮಯ ಹಾಳು ಅನ್ನಿಸುತ್ತಿದ್ದವು. ಒಂದು, ಆರೂ ಟಯರುಗಳನ್ನು ದೊಣ್ಣೆಯಿಂದ ಬಡಿದು ದನಿ ಕೇಳುವುದು. ಹವಾ ಕಡಿಮೆ ಇದ್ದ ಟಯರು ಮಂದವಾಗಿ ಸದ್ದು ಮಾಡುತ್ತದೆ. ಅಂಥ ಟಯರು ನೆಲಕ್ಕೆ ಹೆಚ್ಚು ಅಪ್ಪಚ್ಚಿಯಾಗಿ, ಉರುಳುವಾಗ ಮಡಚುತ್ತ ಬಿಚ್ಚುತ್ತ ಬಿಸಿಯಾಗುತ್ತದೆ. ಆ ಬಿಸಿಯ ಖರ್ಚೂ ಡೀಸೆಲ್ಲಿನದೇ. ಇನ್ನೊಂದು, ತಾಡಪತ್ರಿ ಕಟ್ಟುವುದು. ಕ್ಲೀನರ್ ಹಗ್ಗ ಬಿಗಿದ ಮೇಲೂ ಚಾಚಾ ಸುತ್ತು ಹಾಕಿ ಪ್ರತಿ ಗಂಟು ಜಗ್ಗಿ ನೋಡುವರು. ಒಮ್ಮೆ ರಾಣೆಬೆನ್ನೂರು ದಾಟಿದ ಮೇಲೆ ಹಿಂದೆ ಎಲ್ಲೋ ತಾಡಪತ್ರಿಯ ಮೂಲೆ ಪಟಪಟ ಬಡಿಯತೊಡಗಿತು. ಗಾಡಿ ನಿಲ್ಲಿಸಿ, ತಾವೇ ಮೇಲೆ ಹತ್ತಿ ಕಟ್ಟಿ ಬಂದರು. “ಅದು ಬಡಕೊಂತ ಬರೂದು ಪುಕ್ಕಟ ಅಲ್ಲ, ತಮ್ಮಾ” ಅಂದರು.

ಅರವತ್ತೇ ಯಾಕೆ ಎಂದು ನಾನು ಅವರನ್ನು ಕೇಳಿದ್ದೆ. “ಅರವತ್ತು ದಾಟಿದ ಮ್ಯಾಲ ಗಾಡಿ ಲೋಡಿನ ಸಲುವಾಗಿ ಡೀಜಲ್ ಸುಡೂದಿಲ್ಲ, ಗಾಳಿ ಸಲುವಾಗಿ ಸುಡ್ತೈತಿ” ಎಂಬುದು ಅವರ ಉತ್ತರ. ಊರಿಗೆ ಬಂದ ಮೇಲೆ ಆ ಮಾತನ್ನು ಕಾಗದದ ಮೇಲೆ ಇಟ್ಟು ನೋಡಿದೆ.

ಸಮತಟ್ಟಾದ ರಸ್ತೆಯಲ್ಲಿ ಲಾರಿಯನ್ನು ತಡೆಯುವುದು ಮುಖ್ಯವಾಗಿ ಎರಡು. ಟಯರು ಉರುಳುವಾಗಿನ ತಡೆ, ಮತ್ತು ಗಾಳಿಯ ತಡೆ. ಟಯರಿನದು ಭಾರಕ್ಕೆ ತಕ್ಕಂತೆ ಇರುತ್ತದೆ, ವೇಗ ಹೆಚ್ಚಿದರೂ ಬಹಳ ಬದಲಾಗುವುದಿಲ್ಲ. ಗಾಳಿಯದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅರವತ್ತರಿಂದ ಎಂಬತ್ತಕ್ಕೆ ಹೋದರೆ ವೇಗ ಹೆಚ್ಚುವುದು ಮೂರನೇ ಒಂದು ಭಾಗ, ಆದರೆ ಗಾಳಿಯ ತಡೆ ಶೇ. 78ರಷ್ಟು ಹೆಚ್ಚುತ್ತದೆ. ಲೋಡು ಸೇರಿ 16 ಟನ್ ತೂಗುವ ನಮ್ಮಂಥ ಗಾಡಿಗೆ ನಾನು ಲೆಕ್ಕ ಹಾಕಿದಾಗ ಅರವತ್ತರಲ್ಲಿ ಒಟ್ಟು ತಡೆಯ ಐದು ಪಾಲಿನಲ್ಲಿ ಮೂರು ಪಾಲು ಟಯರಿನದು, ಎರಡು ಪಾಲು ಗಾಳಿಯದು ಬಂತು. ಎಂಬತ್ತಕ್ಕೆ ಹೋದರೆ ಗಾಳಿಯದೇ ಅರ್ಧಕ್ಕಿಂತ ಹೆಚ್ಚು. ಒಟ್ಟು ತಡೆ ಶೇ. 30ರ ಹತ್ತಿರ ಏರಿತು. ಅಂದರೆ ಅರವತ್ತರಲ್ಲಿ ನಾಲ್ಕು ಕೊಡುವ ಗಾಡಿ ಎಂಬತ್ತರಲ್ಲಿ ಮೂರರ ಹತ್ತಿರಕ್ಕೆ ಬರುತ್ತದೆ. ರಿಜಿಸ್ಟರಿನ 3.4ಕ್ಕೆ ಡೀಸೆಲ್ ಮಾರಿಕೊಂಡಿರಬೇಕಾದ ಅಗತ್ಯವೇ ಇರಲಿಲ್ಲ. ಹೆಚ್ಚು ಹೊತ್ತು ಎಪ್ಪತ್ತೈದರಲ್ಲಿ ಓಡಿಸಿದರೆ ಸಾಕಾಗಿತ್ತು.

ಹಾಗಂತ ನಿಧಾನ ಮಾಡಿದಷ್ಟೂ ಉಳಿತಾಯ ಎಂದೂ ಇಲ್ಲ. ಐವತ್ತಕ್ಕೆ ಇಳಿಸಿದರೆ ಇನ್ನೂ ಸ್ವಲ್ಪ ಉಳಿಯುತ್ತದೆ. ಮೂವತ್ತಕ್ಕೆ ಇಳಿಸಿದರೆ ಟಾಪ್ ಗೇರ್ ತಡೆಯುವುದಿಲ್ಲ, ಇಂಜಿನ್ ಗುದ್ದಾಡುತ್ತದೆ, ಕೆಳಗಿನ ಗೇರಿಗೆ ಬರಬೇಕು. ಆಗ ಅಷ್ಟೇ ದೂರಕ್ಕೆ ಇಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ತನ್ನೊಳಗಿನ ತಿಕ್ಕಾಟಕ್ಕೇ ಡೀಸೆಲ್ ತಿನ್ನುತ್ತದೆ. ಟಾಪ್ ಗೇರಿನಲ್ಲಿ, ಇಂಜಿನ್ ಹೆಚ್ಚು ಸುತ್ತದೆ, ಮುಕ್ಕರಿಯದೆ ಎಳೆಯುವ ಒಂದು ಹದವಿದೆ. ಈಗಿನ ಗಾಡಿಗಳಲ್ಲಿ ಆ ಹದವನ್ನು ಮೀಟರಿನ ಮೇಲೆ ಹಸಿರು ಪಟ್ಟಿಯಾಗಿ ಬಳಿದೇ ಕೊಡುತ್ತಾರೆ. ಚಾಚಾ ಅದನ್ನು ಕಿವಿಯಿಂದ ಹುಡುಕಿಕೊಂಡಿದ್ದರು.

ಘಾಟಿನ ವಿಷಯವನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಡೀಸೆಲ್ ಉಳಿಸುವ ಹೆಸರಿನಲ್ಲಿ ಜೀವ ಕಳೆದುಕೊಂಡವರಿದ್ದಾರೆ. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಬಿಟ್ಟರೆ ಉಳಿತಾಯ ಎಂಬ ನಂಬಿಕೆ ಆಗ ಬಹಳ ಡ್ರೈವರುಗಳಲ್ಲಿತ್ತು, ಈಗಲೂ ಇದೆ. ಬೆಂಗಳೂರಿನ ಬದಲು ಯಾವಾಗಲಾದರೂ ಬೆಳಗಾವಿ ಆಚೆಯ ಲೋಡು ಸಿಕ್ಕಾಗ, ವಂಟಮೂರಿ ಘಾಟಿನಲ್ಲಿ ಚಾಚಾ ಗೇರಿನಲ್ಲೇ ಇಳಿಸುತ್ತಿದ್ದರು. ಗೇರಿನಲ್ಲಿದ್ದು ಎಕ್ಸಲೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ, ಪಂಪು ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಹಾಗಲ್ಲ. ಇಂಜಿನ್ ಆರದಿರಲು ಡೀಸೆಲ್ ಸುಡುತ್ತಲೇ ಇರಬೇಕು, ಜೊತೆಗೆ ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೆ. ಕಡಿದಾದ ಘಾಟಿನಲ್ಲಿ ಡ್ರಮ್ಮು ಕಾದರೆ ಬ್ರೇಕ್ ಹಿಡಿಯುವುದಿಲ್ಲ. ಕೆಳಗೆ ಮಗುಚಿ ಬಿದ್ದ ಲಾರಿ ಕಂಡಾಗಲೆಲ್ಲ ಚಾಚಾ ಏನೂ ಹೇಳುತ್ತಿರಲಿಲ್ಲ, ಗೇರ್ ಲಿವರಿನ ಮೇಲೆ ಕೈ ಇಟ್ಟೇ ಇರುತ್ತಿದ್ದರು.

ಹುಡುಗನ ವಿಷಯ ಇನ್ನೂ ಬಗೆಹರಿದಿರಲಿಲ್ಲ. ಅವನು ಜೋರಾಗಿ ಓಡಿಸುತ್ತಾನೆ, ಅದಕ್ಕೇ ಆವರೇಜ್ ಇಲ್ಲ ಎಂದು ನಾನು ಕಾಕಾಗೆ ಹೇಳಿದಾಗ ಅವರ ಅನುಮಾನ ಹೋಯಿತೇ ಹೊರತು ಸಿಟ್ಟು ಹೋಗಲಿಲ್ಲ. ಕಳ್ಳನಲ್ಲ, ಆದರೆ ಶಿಸ್ತಿಲ್ಲದವನು ಎಂಬ ತೀರ್ಮಾನಕ್ಕೆ ಬಂದರು. ಆಗ ಚಾಚಾ ಒಂದು ಮಾತು ಕೇಳಿದರು: ಅವನ ಗಾಡಿಗೆ ಯಾವ ಲೋಡು ಹಾಕ್ತೀರಿ?

ಚಾಚಾ ಒಯ್ಯುತ್ತಿದ್ದುದು ಬಹುತೇಕ ಗೋವಿನಜೋಳ. ಹಾವೇರಿ, ರಾಣೆಬೆನ್ನೂರು ಕಡೆಯ ಬೆಳೆ, ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗುವ ಮಾಲು. ಒಂಬತ್ತು ಟನ್ ಹೇರಿದರೂ ಚೀಲಗಳ ಎತ್ತರ ಕ್ಯಾಬಿನ್ನಿನ ಮಟ್ಟ ಮುಟ್ಟುತ್ತಿರಲಿಲ್ಲ. ಮಾಲು ಇವತ್ತು ಮುಟ್ಟಿದರೂ ನಡೆಯುತ್ತದೆ, ನಾಳೆ ಮುಟ್ಟಿದರೂ ನಡೆಯುತ್ತದೆ. ಹುಡುಗನ ಗಾಡಿಗೆ ಬೀಳುತ್ತಿದ್ದುದು ಬ್ಯಾಡಗಿ ಮೆಣಸಿನಕಾಯಿ.

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಯನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಊರಿಗೆ ಊರೇ ಕೆಂಪು, ಗಾಳಿಯಲ್ಲೇ ಘಾಟು. ಹಮಾಲರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ಏರಿಸುತ್ತಲೇ ಇರುತ್ತಾರೆ. ಮಾಲು ಹಗುರ, ಗಾತ್ರ ದೊಡ್ಡದು. ಆರು ಟನ್ ಹತ್ತುವುದರೊಳಗೆ ಚೀಲದ ಮೇಲೆ ಚೀಲ ಕ್ಯಾಬಿನ್ ದಾಟಿ ಮೇಲೆ ಹೋಗಿರುತ್ತದೆ. ತೂಕದ ಲೆಕ್ಕದಲ್ಲಿ ಇದು ಜೋಳಕ್ಕಿಂತ ಸುಲಭದ ಲೋಡು. ಕಾಕಾ ಕೂಡ ಹಾಗೇ ತಿಳಿದಿದ್ದರು: ಹಗುರ ಲೋಡಿಗೆ ಆವರೇಜ್ ಹೆಚ್ಚೇ ಬರಬೇಕಲ್ಲ! ಆದರೆ ಗಾಳಿ ತೂಕ ನೋಡುವುದಿಲ್ಲ, ಎದುರಿಗೆ ಬರುವ ಅಗಲ ಎತ್ತರ ನೋಡುತ್ತದೆ. “ಗ್ವಾಡಿ ಹೊತ್ಕೊಂಡು ಓಡಿಧಂಗ” ಅಂದರು ಚಾಚಾ. ಜೋಳದ ಗಾಡಿಯಲ್ಲಿ ವೇಗ ಹೆಚ್ಚಿಸಿದರೆ ಆಗುವ ನಷ್ಟಕ್ಕಿಂತ ಮೆಣಸಿನಕಾಯಿ ಗಾಡಿಯಲ್ಲಿ ಆಗುವ ನಷ್ಟ ಬಹಳ ಹೆಚ್ಚು.

ಅದರ ಮೇಲೆ ಹೊತ್ತಿನ ಒತ್ತಡ. ಸಂಜೆ ಲೋಡು ಮುಗಿಯುವುದೇ ತಡ. ಬೆಳಗ್ಗೆ ಬೆಂಗಳೂರಿನೊಳಗೆ ದೊಡ್ಡ ಗಾಡಿಗಳಿಗೆ ನಿರ್ಬಂಧದ ಹೊತ್ತು ಶುರುವಾಗುವ ಮೊದಲೇ ಯಶವಂತಪುರ ಸೇರಬೇಕು. ತಡವಾದರೆ ವ್ಯಾಪಾರಿ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಿದ್ದ. ಆ ಮಾತನ್ನು ಫೋನಿನಲ್ಲಿ ಒಪ್ಪಿಕೊಂಡವರು ಕಾಕಾ, ಓಡಿ ಮುಟ್ಟಿಸಬೇಕಾದವನು ಹುಡುಗ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿದ ಕೂಡಲೇ ಅವನು ಕಾಲು ಒತ್ತಲೇಬೇಕಿತ್ತು.

“ಸಾವ್ಕಾರ್ರ, ಮುಂದಿನ ಮೆಣಸಿನಕಾಯಿ ಲೋಡು ನಾ ಒಯ್ತೀನ್ರಿ” ಎಂದರು ಚಾಚಾ. “ಅದ ಟೈಮು, ಅದ ಬಾಡಿಗಿ. ಬಂದ ಮ್ಯಾಲ ತಮ್ಮ ಲೆಕ್ಕಾ ಹಾಕ್ಲಿ.”

ಒಯ್ದರು. ಹೊತ್ತಿಗೆ ಸರಿಯಾಗಿ ಮುಟ್ಟಿಸಿದರು. ತಿರುಗಿ ಬಂದು ಟ್ಯಾಂಕ್ ಫುಲ್ ಮಾಡಿ ನಾನು ಭಾಗಿಸಿದಾಗ 3.5 ಬಂತು. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದ, ಏರು ಇಳಿವು ಎಲ್ಲ ಕಾಲಿನಲ್ಲಿ ಬರೆದುಕೊಂಡ ಮನುಷ್ಯನಿಗೂ ಆ ಲೋಡು, ಆ ಹೊತ್ತು ಅಷ್ಟೇ ಕೊಟ್ಟದ್ದು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಅಂಥ ಅಂಕಿ ಅದಕ್ಕೂ ಮೊದಲು ಇರಲಿಲ್ಲ. ತಮ್ಮ ಹೆಸರು ಕೆಟ್ಟರೂ ಸರಿ, ಹುಡುಗನ ಹೆಸರು ಉಳಿಯಲಿ ಎಂದು ಅವರು ಅದನ್ನು ಬೇಕೆಂದೇ ಬರೆಸಿಕೊಂಡರು. ಡ್ರೈವರುಗಳ ನಡುವಿನ ಇಂಥ ಹಿರಿತನ ನಾನು ಬೇರೆ ಯಾವ ಆಫೀಸಿನಲ್ಲೂ ಕಂಡಿಲ್ಲ. ಕಾಕಾ ಆ ಪುಟವನ್ನು ಬಹಳ ಹೊತ್ತು ನೋಡಿದರು. ಅವರು ಕೆಟ್ಟ ಮನುಷ್ಯರಲ್ಲ. ಆ ತಿಂಗಳ ಕೊನೆಗೆ ಹುಡುಗನಿಗೆ ಮುರಿದ ಬತ್ತಾ ಪೂರ್ತಿ ವಾಪಸ್ ಹೋಯಿತು.

ಅಂದಿನಿಂದ ರಿಜಿಸ್ಟರನ್ನು ನಾನು ಬೇರೆ ಕಣ್ಣಿನಿಂದ ಓದತೊಡಗಿದೆ. ಕಪಾಟಿನಲ್ಲಿ ಕಾಕಾ ಬರೆದಿಟ್ಟ ಹಳೆಯ ರಿಜಿಸ್ಟರುಗಳೂ ಇದ್ದವು. ಅವುಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಆಷಾಢ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಎಲ್ಲ ವರ್ಷವೂ ಅಂಕಿಗಳು ಕುಗ್ಗುತ್ತಿದ್ದವು, ಯಾರು ಓಡಿಸಿದರೂ ಅಷ್ಟೇ. ಆ ದಿನಗಳಲ್ಲಿ ಗಾಳಿ ಪಶ್ಚಿಮದಿಂದ, ನೈಋತ್ಯದಿಂದ ಬೀಸುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬರುವ ಗಾಡಿ ವಾಯವ್ಯಕ್ಕೆ ಮುಖ ಮಾಡಿರುತ್ತದೆ. ಹಿರಿಯೂರಿನಿಂದ ಚಿತ್ರದುರ್ಗದವರೆಗಿನ ಬಯಲಿನಲ್ಲಿ ಆ ಗಾಳಿಗೆ ಅಡ್ಡ ಏನೂ ಇಲ್ಲ. ದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಆ ಗಾಳಿಯನ್ನು ನಂಬಿಯೇ. ಅವು ವಿದ್ಯುತ್ ಪಡೆಯುವ ಗಾಳಿಗೆ ಅದೇ ಗುಡ್ಡದ ಕೆಳಗೆ ನಾವು ಡೀಸೆಲ್ ತೆರುತ್ತಿದ್ದೆವು. ಎದುರಿನಿಂದ 25 ಕಿಲೋಮೀಟರ್ ವೇಗದ ಗಾಳಿ ಇದ್ದರೆ ಅರವತ್ತರಲ್ಲಿ ಓಡುವ ಲಾರಿಗೆ ಗಾಳಿ ಬಡಿಯುವುದು 85ರ ವೇಗದಲ್ಲಿ. ಗಾಳಿಯ ತಡೆ ಎರಡು ಪಟ್ಟು. ಅಂಥ ದಿನ ಡ್ರೈವರನನ್ನು ಆವರೇಜ್ ಯಾಕೆ ಬರಲಿಲ್ಲ ಎಂದು ಕೇಳುವುದು ಅನ್ಯಾಯ. ಚಾಚಾ ಆ ತಿಂಗಳುಗಳಲ್ಲಿ ಐವತ್ತಕ್ಕೆ ಇಳಿದುಬಿಡುತ್ತಿದ್ದರು.

ರಸ್ತೆಯ ಕಥೆಯೂ ಆ ರಿಜಿಸ್ಟರುಗಳಲ್ಲೇ ಇತ್ತು. ತೊಂಬತ್ತರ ದಶಕದ ಎನ್‌ಎಚ್ 4 ಎರಡು ಲೇನಿನ ರಸ್ತೆ. ಹಾವೇರಿ, ರಾಣೆಬೆನ್ನೂರು, ಹರಿಹರ, ದಾವಣಗೆರೆ, ಎಲ್ಲ ಊರಿನ ಪೇಟೆಯನ್ನೂ ಮುಟ್ಟಿಕೊಂಡು ಹೋಗಬೇಕು. ಅರವತ್ತನ್ನು ಒಂದೇ ಸಮನೆ ಹಿಡಿಯುವ ಮಾತೇ ಇಲ್ಲ. ಹತ್ತು ಹೆಜ್ಜೆಗೊಮ್ಮೆ ಬ್ರೇಕು, ಗೇರು, ಓವರ್‌ಟೇಕು. ಆಗಿನ ಅಂಕಿ 3.7, 3.8. ಸುವರ್ಣ ಚತುಷ್ಪಥ ಯೋಜನೆಯಲ್ಲಿ ರಸ್ತೆ ನಾಲ್ಕು ಲೇನಾಗುತ್ತ, ಒಂದೊಂದೇ ಭಾಗ ತೆರೆಯುತ್ತ ಬಂದಂತೆ ಆವರೇಜ್ ಏರಿತು. ಬ್ರೇಕಿಲ್ಲ, ಊರಿಲ್ಲ, ಟಾಪ್ ಗೇರಿನಲ್ಲಿ ಗಂಟೆಗಟ್ಟಲೆ ಓಟ. ಕಾಕಾ ಖುಷಿಯಾಗಿದ್ದರು. ಆದರೆ ರಸ್ತೆ ಪೂರ್ತಿ ತೆರೆದು ಒಂದೆರಡು ವರ್ಷವಾಗುವುದರೊಳಗೆ ಅಂಕಿ ಮತ್ತೆ ಕೆಳಗೆ ಬಂತು. ಹೊಸ ರಸ್ತೆ ಬಂದ ಮೇಲೆ ವ್ಯಾಪಾರಿಗಳು ಕೇಳುವ ಹೊತ್ತೂ ಬದಲಾಯಿತು. ಮೊದಲು ಮಾರನೆಯ ಮಧ್ಯಾಹ್ನಕ್ಕೆ ಒಪ್ಪುತ್ತಿದ್ದವರು ಬೆಳಗಿನ ಜಾವಕ್ಕೇ ಬೇಕು ಅಂದರು. ಎಲ್ಲರೂ ಎಪ್ಪತ್ತೈದು, ಎಂಬತ್ತು ಹಿಡಿದರು. ಬ್ರೇಕಿನಲ್ಲಿ ಹೋಗುತ್ತಿದ್ದ ಡೀಸೆಲ್ ಈಗ ಗಾಳಿಗೆ ಹೋಗತೊಡಗಿತು. ರಸ್ತೆ ಕೊಟ್ಟ ಉಳಿತಾಯವನ್ನು ಅವಸರ ತಿಂದುಹಾಕಿತು. ಇಷ್ಟು ದೊಡ್ಡ ರಸ್ತೆಯಿಂದ ಲಾರಿ ಓಡಿಸುವವನಿಗೂ ಲಾರಿ ಇಟ್ಟವನಿಗೂ ದಕ್ಕಬೇಕಾದ್ದು ದಕ್ಕಲಿಲ್ಲವಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಆ ಅವಸರದಿಂದ ಸಿಗುವ ಸಮಯವಾದರೂ ಎಷ್ಟು? ಹುಬ್ಬಳ್ಳಿಯಿಂದ ಬೆಂಗಳೂರು ನಾನೂರು ಚಿಲ್ಲರೆ ಕಿಲೋಮೀಟರ್. ಒಂದೇ ಸಮ ಅರವತ್ತರಲ್ಲಿ ಓಡಿದರೆ ಆರು ಗಂಟೆ ನಲವತ್ತು ನಿಮಿಷದ ಹತ್ತಿರ, ಎಂಬತ್ತರಲ್ಲಿ ಐದು ಗಂಟೆ. ಕಾಗದದ ಮೇಲೆ ಒಂದು ಗಂಟೆ ನಲವತ್ತು ನಿಮಿಷದ ವ್ಯತ್ಯಾಸ. ಟೋಲು, ಚಹಾ, ಊಟ, ಪಂಕ್ಚರು, ಊರೊಳಗಿನ ಸಂದಣಿ ಎಲ್ಲ ಸೇರಿದಾಗ ನಿಜವಾಗಿ ಉಳಿಯುತ್ತಿದ್ದುದು ಒಂದು ಗಂಟೆ. ಅದಕ್ಕೆ ಸುಡುತ್ತಿದ್ದ ಹೆಚ್ಚಿನ ಡೀಸೆಲ್ ಇಪ್ಪತ್ತು ಲೀಟರು ದಾಟುತ್ತಿತ್ತು. ಆ ಒಂದು ಗಂಟೆ ಉಳಿಸಿಕೊಂಡು ಹೋದ ಗಾಡಿ ನೆಲಮಂಗಲದ ಹತ್ತಿರವೋ ಮಾರ್ಕೆಟ್ಟಿನ ಗೇಟಿನ ಮುಂದೆಯೋ ಹಮಾಲರಿಗಾಗಿ ಎರಡು ಗಂಟೆ ನಿಂತದ್ದನ್ನು ನಾನೇ ಕ್ಯಾಬಿನ್ನಿನಲ್ಲಿ ಕೂತು ನೋಡಿದ್ದೇನೆ. ವ್ಯಾಪಾರಿಗೆ ಅದರ ಲೆಕ್ಕ ಕಾಣುವುದಿಲ್ಲ. ಡೀಸೆಲ್ ಅವನ ಜೇಬಿನದಲ್ಲ.

ಇನ್ನೊಂದು ಲೆಕ್ಕವೂ ಇದೆ. ಅರವತ್ತರಿಂದ ಎಂಬತ್ತಕ್ಕೆ ಏರಿದರೆ ಗಾಳಿಯ ತಡೆ ಶೇ. 78 ಹೆಚ್ಚುತ್ತದೆ ಅಂದೆನಲ್ಲ, ಗಾಡಿಯನ್ನು ನಿಲ್ಲಿಸಲು ಬ್ರೇಕ್ ತಿನ್ನಬೇಕಾದ ಶಕ್ತಿಯೂ ಅಷ್ಟೇ ಹೆಚ್ಚುತ್ತದೆ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಎರಡೇ ಲೇನಿನ ರಸ್ತೆಯಾಗಿ ವರ್ಷಗಟ್ಟಲೆ ಉಳಿದು ಎಷ್ಟು ಮನೆಗಳ ದೀಪ ಆರಿಸಿತು ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತು. ನಾಲ್ಕು ಲೇನಿನ ಅಭ್ಯಾಸದಲ್ಲಿ ಬಂದ ಗಾಡಿ ಅದೇ ವೇಗದಲ್ಲಿ ಅಲ್ಲಿಗೆ ಇಳಿಯುತ್ತಿತ್ತು.

ಸರ್ಕಾರಗಳಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ ತನ್ನ ಹೆದ್ದಾರಿಗಳಲ್ಲಿ ಗಂಟೆಗೆ 55 ಮೈಲಿಯ ಮಿತಿ ತಂದಿತು, 1995ರಲ್ಲಿ ಪೂರ್ತಿ ಕೈಬಿಟ್ಟಿತು. ಅವರು ಎಣ್ಣೆ ಉಳಿಸಲು ಇಳಿದ ಆ ವೇಗ ನಮ್ಮ ಲೆಕ್ಕದಲ್ಲಿ 88 ಕಿಲೋಮೀಟರು. ನಮ್ಮಲ್ಲಿ 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ ಹುಟ್ಟಿತು. 45ರಿಂದ 55ರ ವೇಗದಲ್ಲಿ ಓಡಿಸಿ ಎಂಬ ಅದರ ಬುದ್ಧಿಮಾತು ವರ್ಷಗಟ್ಟಲೆ ನಮ್ಮ ಕಣ್ಣಿಗೆ ಕಿವಿಗೆ ಬಿದ್ದಿದೆ. 2015ರಿಂದ ಹೊಸ ಸಾರಿಗೆ ವಾಹನಗಳಿಗೆ ಎಂಬತ್ತಕ್ಕೆ ಕಟ್ಟಿದ ಸ್ಪೀಡ್ ಗವರ್ನರ್ ಬಂತು. 2018ರಲ್ಲಿ ನಾಲ್ಕು ಲೇನಿನ ರಸ್ತೆಗಳಲ್ಲಿ ಸರಕು ವಾಹನಕ್ಕೆ ಎಂಬತ್ತರ ಮಿತಿ ಬಂತು. ಇವೆಲ್ಲ ಬೇಕಾದ್ದೇ. ಆದರೆ ಈ ಎಲ್ಲ ನಿಯಮ, ಎಲ್ಲ ಬುದ್ಧಿಮಾತು ಮುಖ ಮಾಡಿರುವುದು ಸ್ಟಿಯರಿಂಗ್ ಹಿಡಿದವನ ಕಡೆಗೆ. ಇಷ್ಟು ಹೊತ್ತಿಗೆ ಮುಟ್ಟಿಸು ಎಂದು ಫೋನಿನಲ್ಲಿ ಹೇಳುವವನ ಕಡೆಗೆ ಇವುಗಳಲ್ಲಿ ಒಂದೂ ಇಲ್ಲ. ಡೀಸೆಲ್ ಸುಡುವುದು ಕ್ಯಾಬಿನ್ನಿನಲ್ಲಿ, ಅದನ್ನು ಸುಡಬೇಕೆಂದು ತೀರ್ಮಾನವಾಗುವುದು ಗೋದಾಮಿನಲ್ಲಿ, ಬುಕಿಂಗ್ ಆಫೀಸಿನಲ್ಲಿ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಚಾಚಾ ಈಗಿಲ್ಲ. ಹಾವೇರಿಯ ಹುಡುಗ ಸ್ವಂತ ಗಾಡಿ ಮಾಡಿಕೊಂಡ, ಮಕ್ಕಳನ್ನು ಓದಿಸಿದ. ನಾನು ಮೇಷ್ಟ್ರ ಕೆಲಸ ಸಿಕ್ಕಿ ಆಫೀಸು ಬಿಟ್ಟೆ. ಗಾಡಿಗಳನ್ನು ಕಾಕಾನ ಮಗ ನೋಡಿಕೊಳ್ಳುತ್ತಾನೆ. ಈಗಿನವು ಬಿಎಸ್ 6 ಇಂಜಿನ್ನಿನ ಹದಿನಾಲ್ಕು ಚಕ್ರದ ಗಾಡಿಗಳು. ಡೀಸೆಲ್ ಬೆಲೆ ಆಗಿನ ಮೂರು ಪಟ್ಟಿನ ಹತ್ತಿರ. ಗಾಡಿ ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಆವರೇಜ್ ಎಷ್ಟು ಕೊಡುತ್ತಿದೆ ಎಂಬುದೆಲ್ಲ ಅವನ ಮೊಬೈಲಿನಲ್ಲಿ ಕಾಣುತ್ತದೆ. ಅರವತ್ತೈದು ದಾಟಿದರೆ ಡ್ರೈವರನಿಗೆ ಫೋನ್ ಮಾಡುವ ಮಾಲೀಕರು ಈಗ ಬೇಕಾದಷ್ಟು ಜನ. ಅದೇ ಮಾಲೀಕರು ಅರ್ಧ ಗಂಟೆಯ ನಂತರ ಇನ್ನೂ ಯಾಕೆ ಮುಟ್ಟಲಿಲ್ಲ ಎಂದು ಮತ್ತೊಮ್ಮೆ ಫೋನ್ ಮಾಡುವುದೂ ಉಂಟು.

ಕಾಕಾನ ಮಗ ಮಾತ್ರ ಒಂದು ಬೇರೆ ಪದ್ಧತಿ ಇಟ್ಟಿದ್ದಾನೆ. ಬುಕಿಂಗಿಗೆ ಫೋನ್ ಬಂದಾಗ ಎರಡು ಬಾಡಿಗೆ ಹೇಳುತ್ತಾನೆ. ಸಾವಕಾಶದ್ದು ಒಂದು, ಅವಸರದ್ದು ಒಂದು. ಅರವತ್ತರಲ್ಲಿ ಓಡಿ ಮುಟ್ಟುವ ಹೊತ್ತು ಮೊದಲನೆಯದಕ್ಕೆ. ಅದಕ್ಕೂ ಮೊದಲೇ ಬೇಕು ಅಂದರೆ ಹೆಚ್ಚಿಗೆ ಸುಡುವ ಡೀಸೆಲ್ಲಿನ ದುಡ್ಡು ಬಾಡಿಗೆಯಲ್ಲೇ ಸೇರಿರುತ್ತದೆ. ಮೆಣಸಿನಕಾಯಿಗೆ ಈ ವ್ಯತ್ಯಾಸ ಜೋಳಕ್ಕಿಂತ ಹೆಚ್ಚು, ಆಷಾಢದಲ್ಲಿ ಬೆಂಗಳೂರಿನಿಂದ ಬರುವ ಲೋಡಿಗೆ ಇನ್ನೂ ಹೆಚ್ಚು. ಡ್ರೈವರನ ಬತ್ತಾ ಎರಡಕ್ಕೂ ಒಂದೇ, ಆವರೇಜಿನ ಹೆಸರಿನಲ್ಲಿ ಮುರಿಯುವುದು ಇಲ್ಲ. ಮೊದಮೊದಲು ಇದಕ್ಕೆ ಬೇಸರ ಮಾಡಿಕೊಂಡು ಬೇರೆ ಗಾಡಿ ನೋಡಿಕೊಂಡ ವ್ಯಾಪಾರಿಗಳಿದ್ದರು, ಒಂದಿಷ್ಟು ಲೋಡು ತಪ್ಪಿದ್ದೂ ನಿಜ. ಈಗ ಫೋನಿನಲ್ಲಿ ಎರಡೂ ಬಾಡಿಗೆ ಕೇಳಿಸಿಕೊಂಡ ಮೇಲೆ ಹೆಚ್ಚಿನವರು ಒಂದು ಗಳಿಗೆ ಸುಮ್ಮನಿದ್ದು, “ಆಯ್ತು ಬಿಡ್ರಿ, ಮಧ್ಯಾಹ್ನ ಬಂದ್ರೂ ನಡೀತೈತಿ” ಅನ್ನುತ್ತಾರಂತೆ.